ಸಂಬಂಧ ಎಂಬ ಖಾನೆ

ಬೆಳಗಿನ ಐದೂವರೆಗೆ ಸಾಲಿಗೆ ನಂಬರು ಹಾಕುತ್ತಾರೆ,
ಅಧಿಕಾರಿಗಳಲ್ಲ, ನಾವೇ,
ಅಂಗೈ ಮೇಲೆ, ಬಾಲ್‌ಪೆನ್ನಿನಲ್ಲಿ.
ಇವತ್ತು ನಾನು ಹದಿನೇಳು.
ಗ್ರೋದ್ನೊದ ಹಿಮ ಬೂಟಿನ ಹೊಲಿಗೆ ಹುಡುಕಿಕೊಂಡು ಒಳಗೆ ಬರುತ್ತದೆ.
ಇಲ್ಲಿ ಯಾರೂ ಯಾರ ಹೆಸರೂ ಕೇಳುವುದಿಲ್ಲ.
‘ಎಷ್ಟು ವರ್ಷ?’ ಅನ್ನುತ್ತಾರೆ,
ಕೇಳುವುದು ವಯಸ್ಸಲ್ಲ, ಶಿಕ್ಷೆ.

ನಾಲ್ಕು, ಅನ್ನುತ್ತೇನೆ.
ನನ್ನ ತಮ್ಮ ಯಾಜೆಪ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು.
ಚೌಕದಲ್ಲಿ ಹಿಡಿದವರನ್ನು ತುಂಬಿಕೊಂಡು ಹೋಗಲು
ಬಸ್ಸು ಬೇಕು ಅಂದರು ಒಂದು ಸಂಜೆ.
ಎಂಜಿನ್ ಕೆಟ್ಟಿದೆ ಅಂದ.
ಕೆಟ್ಟಿರಲಿಲ್ಲ.

ರಾತ್ರಿಯೆಲ್ಲ ಕೂತು ಮಿಠಾಯಿ ಸುಲಿದಿದ್ದೇನೆ,
ಕಾಗದ ಇರಬಾರದು, ನಿಯಮ.
ಚಹಾಪುಡಿ ಒಳಗು ಕಾಣುವ ಚೀಲದಲ್ಲಿ,
ಸಾಸೇಜು ಬೆರಳಗಲದ ಹೋಳು,
ಈರುಳ್ಳಿ ನಡುವೆ ಸೀಳಿ.
ಅದರ ಹೊಟ್ಟೆಯಲ್ಲಿ ಏನು ಬಚ್ಚಿಟ್ಟೇನು ನಾನು,
ಈರುಳ್ಳಿಯೊಳಗೆ ಮತ್ತೆ ಈರುಳ್ಳಿ.
ಮೇಜಿನ ಮೇಲೆ ಉಳಿದದ್ದು
ನೂರಾ ಹನ್ನೆರಡು ಕೆಂಪು ಅಳಿಲು, ಕಾಗದದವು.
ಬಿಸಾಡಲು ಕೈ ಬರದೆ
ಉಗುರಿನಿಂದ ಸುಕ್ಕು ತೀಡಿ ಪುಸ್ತಕದೊಳಗಿಟ್ಟೆ,
ಏಳು ವರ್ಷದವನಿದ್ದಾಗ ಅವನು ಇಡುತ್ತಿದ್ದ ಹಾಗೆ.

ಕಿಂಡಿ ಎರಡು ಅಂಗೈ ಅಗಲ.
ಆಚೆ ಒಂದು ಬಾಯಿ, ಒಂದು ಉಂಗುರ, ಒಂದು ರಿಜಿಸ್ಟರು.
‘ಇಲ್ಲ’ ಅಂದಿತು ಬಾಯಿ.
‘ಇಲ್ಲ ಅಂದರೆ?’
‘ಇಲ್ಲಿ ಇಲ್ಲ. ಸಾಗಿಸಿದ್ದಾರೆ.’
‘ಎಲ್ಲಿಗೆ?’
‘ಮುಂದಿನವರು.’

ಕೊಡುವವನಿಲ್ಲದ ಐದು ಕಿಲೋ
ಐದು ಕಿಲೋಗಿಂತ ಹೆಚ್ಚು ತೂಗುತ್ತದೆ.
ನಂಬರು ಹದಿನೆಂಟು, ಮುದುಕಿ ಯಾದ್ವಿಗಾ,
ನನ್ನ ತೋಳು ಹಿಡಿದು ಗೋಡೆಯತ್ತ ಎಳೆದಳು.
‘ಒಳಗೊಬ್ಬ ಹುಡುಗ, ತಿಖಾನ್ ಅಂತ. ಅನಾಥಾಲಯದವನು.
ಗೋಡೆಯ ಮೇಲೆ ಎರಡೇ ಪದ ಬರೆದ,
ಅದರಲ್ಲೂ ಒಂದು ಕಾಗುಣಿತ ತಪ್ಪು.
ಅವನಿಗೆ ಅಂತ ಈ ಸಾಲಿಗೆ ಯಾರೂ ಬರುವುದಿಲ್ಲ.
ನಾನು ಆಗಲೇ ಮೂವರಿಗೆ ಅಜ್ಜಿಯಾಗಿದ್ದೇನೆ,
ನಾಲ್ಕನೆಯದನ್ನು ಇವರು ಒಪ್ಪುವುದಿಲ್ಲ.’

ಫಾರಮ್ಮು: ಹೆಸರು, ವಿಳಾಸ, ತೂಕ, ಸಂಬಂಧ.
ದಾರಕ್ಕೆ ಕಟ್ಟಿದ ಪೆನ್ನಿನಲ್ಲಿ ಶಾಯಿ ಹೆಪ್ಪುಗಟ್ಟಿತ್ತು.
ಬಾಯಿಯ ಹಬೆ ಕೊಟ್ಟೆ,
ಅಕ್ಕ ಎಂದು ಬರೆದೆ.
ಸುಳ್ಳು ಬರೆವ ಕೈ ನಡುಗುತ್ತದಂತೆ.
ನಡುಗಿತು.
ಸೊನ್ನೆಯಿಂದ ಕೆಳಗೆ ಹನ್ನೊಂದು ಡಿಗ್ರಿ ಇತ್ತು.

‘ಅಕ್ಕ? ಮನೆತನದ ಹೆಸರು ಬೇರೆ ಇದೆಯಲ್ಲ?’
‘ತಾಯಿ ಒಬ್ಬಳೇ’ ಅಂದೆ.
ಉಂಗುರ ರಿಜಿಸ್ಟರನ್ನು ಮೂರು ಸಲ ತಟ್ಟಿತು.
ಆಮೇಲೆ ಮುದ್ರೆ ಬಿದ್ದ ಸದ್ದು.

ಮಧ್ಯಾಹ್ನದ ಪಾಳಿಗೆ ತಂಬಾಕಿನ ಕಾರ್ಖಾನೆ.
ಸೋಪು ಹಾಕಿ ಉಜ್ಜಿದರೂ ಹದಿನೇಳು ಹೋಗಿರಲಿಲ್ಲ.
ಪಕ್ಕದ ಬೆಲ್ಟಿನ ವೊಲ್ಗಾ
ಎಲೆ ಹರಡಲು ಕೈ ಚಾಚಿದಾಗ
ಅವಳ ಅಂಗೈಯಲ್ಲಿ ಮಾಸಲು ನೀಲಿ, ಮೂವತ್ತನಾಲ್ಕು.
ಆರು ವರ್ಷದಿಂದ ಜೊತೆಗೆ ಕೆಲಸ, ನನಗೆ ಗೊತ್ತಿರಲಿಲ್ಲ.
ಅವಳು ಮುಷ್ಟಿ ಮುಚ್ಚಿದಳು, ನಾನೂ.
ಊಟದ ಹೊತ್ತಿಗೆ ಅವಳ ರೊಟ್ಟಿಯ ಅರ್ಧ
ಮಾತಿಲ್ಲದೆ ನನ್ನ ಕಡೆ ಸರಿಯಿತು.

ಇಪ್ಪತ್ತಮೂರನೆಯ ದಿನ ಫೋನು.
ಮೊಗಿಲೆವ್ ಕಡೆಯ ಎಳೆತದ ಮಾತು,
ಹಿಂದೆಲ್ಲೋ ಮಗು ಕೆಮ್ಮುವ ಸದ್ದು.
‘ಯಾಜೆಪ್‌ನ ಪಾದದ ಅಳತೆ ಎಷ್ಟಮ್ಮ?
ಉಣ್ಣೆ ಕಾಲುಚೀಲ ಹೆಣೆಯುತ್ತಿದ್ದೇನೆ.’
‘ನೀವು ಯಾರು?’
‘ಅವನ ಚಿಕ್ಕಮ್ಮ.’

ನಮ್ಮಮ್ಮನಿಗೆ ತಂಗಿಯರೇ ಇರಲಿಲ್ಲ.
ತಂತಿಯ ನಡುವೆ ಯಾರದೋ ಉಸಿರು,
ಕದ್ದು ಕೇಳುವವನದಿರಬೇಕು, ಕೇಳಲಿ.

‘ನಲವತ್ತಮೂರು, ಚಿಕ್ಕಮ್ಮ’ ಅಂದೆ.
‘ಎಡಗಾಲು ಒಂಚೂರು ದೊಡ್ಡದು.’