ಏಳನೆಯ ಲೆಕ್ಕ

ಕೋಡಿಯಾಕ್ ದ್ವೀಪದ ನಮ್ಮ ಕಾಲೇಜಿಗೆ ಮಹಡಿಯಿಲ್ಲ.
ನಾಲ್ಕು ತಗ್ಗು ಕಟ್ಟಡ, ಸುತ್ತ ಸ್ಪ್ರೂಸ್ ಮರ,
ಕಸದ ಡಬ್ಬಿಗಳಿಗೆ ಕಬ್ಬಿಣದ ಚಿಲಕ.
ಕರಡಿಗೆ ಓದಲು ಬಾರದು, ತೆಗೆಯಲು ಬರುತ್ತದೆ.
ಮಂಜು ಇಳಿದರೆ ವಿಮಾನ ಇಳಿಯದು;
ಪಠ್ಯಪುಸ್ತಕಗಳು ಆಂಕರೇಜಿನಲ್ಲೇ ಉಳಿದು
ಮೂರನೆಯ ಅಧ್ಯಾಯದ ಮಸುಕು ಜೆರಾಕ್ಸಿನಲ್ಲಿ
ಅರ್ಧ ಸೆಮಿಸ್ಟರ್ ದಾಟಿದೆವು.

ರಾತ್ರಿ ಏಳರ ತರಗತಿ.
ಹಾಜರಿಯಲ್ಲಿ ಹನ್ನೊಂದು ಹೆಸರು, ಕುರ್ಚಿಯಲ್ಲಿ ಆರು.
ಮೀನಿನ ಕಾರ್ಖಾನೆಯಿಂದ ನೆಟ್ಟಗೆ ಬರುತ್ತಾಳೆ ಮರಿಲೂ ಡಕನಾಯ್,
ರಬ್ಬರ್ ಬೂಟು ಬಾಗಿಲಲ್ಲಿ ಕಳಚಿ
ಕಾಲುಚೀಲದಲ್ಲೇ ಒಳಗೆ.
ಅವಳ ಕ್ಯಾಲ್ಕುಲೇಟರಿನ ಸಂದಿಯಲ್ಲಿ ಸಾಲ್ಮನ್ ಪೊರೆ:
ಒಂಬತ್ತು ಒತ್ತಿದರೆ ಎರಡು ಸಲ ಒಂಬತ್ತು.

"ಭಿನ್ನರಾಶಿ ಅಂದರೆ ಹೊಟ್ಟೆ ತೊಳಸುತ್ತದೆ, ಮಿಸ್."
ಕಾಲು, ಅರೆ, ಮುಕ್ಕಾಲು,
ಕಡೂರಿನ ಅಂಗಡಿಯಲ್ಲಿ ಅಪ್ಪ ಅಳೆಯುತ್ತಿದ್ದ ಪಾವು, ಅಚ್ಚೇರು
ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡು ಕೇಳಿದೆ:
ತಲೆ, ಕರುಳು ತೆಗೆದರೆ ಒಂದು ಮೀನಿನಲ್ಲಿ ಉಳಿಯುವುದೆಷ್ಟು?
ಕಣ್ಣು ಮಿಟುಕಿಸದೆ ಅಂದಳು,
"ಕೆಂಪು ಮೀನಾದರೆ ನಾಲ್ಕರಲ್ಲಿ ಮೂರು. ಆಮೇಲೆ
ಚಾಕು ಯಾರ ಕೈಲಿದೆ ಅನ್ನುವುದರ ಮೇಲೆ."
ಅವತ್ತಿನಿಂದ ಹೊಟ್ಟೆ ತೊಳಸುವುದು ನನಗೆ.

ಡಿಸೆಂಬರ್. ಕೊನೆಯ ಪರೀಕ್ಷೆ. ಮಧ್ಯಾಹ್ನಕ್ಕೇ ಮುಗಿದ ಹಗಲು.
ಏಳನೆಯ ಲೆಕ್ಕ: ಒಂದು ದೋಣಿ ಹರಿವಿನ ಜೊತೆ
ಎರಡು ಗಂಟೆಯಲ್ಲಿ ಇಪ್ಪತ್ತನಾಲ್ಕು ಮೈಲಿ ಹೋಗಿ
ಹರಿವಿಗೆ ಎದುರಾಗಿ ಮೂರು ಗಂಟೆಯಲ್ಲಿ ಮರಳಿದರೆ
ದೋಣಿಯ ವೇಗವೆಷ್ಟು, ಹರಿವಿನ ವೇಗವೆಷ್ಟು?
ನಿಕ್ ಪೆಸ್ತ್ರಿಕಾಫ್ ಕೈಯೆತ್ತಿದ,
"ಈ ಮನುಷ್ಯನಿಗೇನು ಅವಸರ?
ಇಳಿತ ಮುಗಿಯುವ ತನಕ ಕಾಯಬಾರದೇ?"
ಔಜಿಂಕಿಯ ಹುಡುಗ. ನಡೆಯುವ ಮೊದಲೇ ಹುಟ್ಟು ಹಿಡಿದವನು.
ಲೆಕ್ಕದಲ್ಲಿ ಕಾಯುವ ಹಾಗಿಲ್ಲ ಎಂದೆ.

ಆಗ ಸೈರನ್.
ಬುಧವಾರ ಮಧ್ಯಾಹ್ನದ ಸೈರನ್ನಿಗೆ ಇಲ್ಲಿ ನಾಯಿಯೂ ಕಿವಿ ನಿಮಿರಿಸದು.
ಇದು ಗುರುವಾರ.
ಆರು ಫೋನು ಒಟ್ಟಿಗೆ ಕಿರುಚಿದವು.
ಮೊದಲು ಎದ್ದವನು ಆರ್ವಿಡ್, ಎಪ್ಪತ್ತರ ಹತ್ತಿರದ ಮುದುಕ,
ಅರವತ್ತನಾಲ್ಕರಲ್ಲಿ ಸಮುದ್ರ
ದೋಣಿಗಳನ್ನು ಪೇಟೆಬೀದಿಗೆ ತಂದಿಟ್ಟಾಗ
ಯಾರದೋ ಹೆಗಲ ಮೇಲೆ ಬೆಟ್ಟ ಹತ್ತಿದ್ದವನು.
ಪೆನ್ನಿಗೆ ಮುಚ್ಚಳ ಹಾಕಿದ. "ನಡೀರಿ," ಎಂದ, ಅಷ್ಟೇ.

ಉತ್ತರಪತ್ರಿಕೆ ಕೊಠಡಿಯಿಂದ ಆಚೆ ಹೋಗಕೂಡದು:
ನನ್ನದೇ ಕೈಬರಹ, ಬೋರ್ಡಿನ ಮೇಲೆ.
ಹೋದವು. ಆರೂ ಹೋದವು.

ಪಿಲ್ಲರ್ ಬೆಟ್ಟದ ದಾರಿಯಲ್ಲಿ ಇಡೀ ಊರಿನ ಹಿಂದೀಪ.
ನಿಕ್‌ನ ಟ್ರಕ್ಕಿನಲ್ಲಿ ಏಳು ಜನ, ಒಂದು ಥರ್ಮಾಸ್,
ಆರ್ವಿಡ್‌ನ ಮಡಿಲಲ್ಲಿ ಪಕ್ಕದ ಮನೆಯ ಬೆಕ್ಕು.
ಮೇಲೆ ಗಾಳಿಗಿರಣಿಗಳ ರೆಕ್ಕೆ ಕತ್ತಲನ್ನು
ಮೂರು ಸಮಪಾಲು ಮಾಡುತ್ತ ಮಾಡುತ್ತ.
ಯಾರೂ ಕೆಳಗೆ ನೋಡಲಿಲ್ಲ; ನೋಡಿದರೂ
ಬಂದರಿನ ದೀಪ ಬಿಟ್ಟು ಏನೂ ಕಾಣುತ್ತಿರಲಿಲ್ಲ.
ಮರಿಲೂ ಮಗಳಿಗೆ ಫೋನು ಮಾಡಿದಳು. ಮತ್ತೆ ಮಾಡಿದಳು.
ಮಗಳು ಚರ್ಚಿನ ವ್ಯಾನಿನಲ್ಲಿದ್ದಾಳೆ, ನಮ್ಮಿಂದ ಒಂಬತ್ತು ಗಾಡಿ ಮುಂದೆ.
ಆಮೇಲೆ ಡ್ಯಾಶ್‌ಬೋರ್ಡಿನ ಹಸಿರು ಬೆಳಕಿಗೆ
ಕಾಗದ ಬಿಡಿಸಿ, ಬರೆಯತೊಡಗಿದಳು.

ನಾನು ಪರೀಕ್ಷೆಯ ಮೇಲ್ವಿಚಾರಕಿ.
ಕಿಟಕಿಯಾಚೆ ನೋಡಿದೆ.
ಹಿಂದಿನ ಸೀಟಿನಲ್ಲಿ ಯಾರೋ ಪಿಸುಗುಟ್ಟಿದರು, ಹತ್ತಾ?
ಯಾರೋ, ಹತ್ತೇ ಇರಬೇಕು.
ಬೆಕ್ಕು ಒಂದು ಸಲ ಕೂಗಿತು.

ಒಂದೂವರೆ ಗಂಟೆಗೆ ಅಲೆ ಬಂತು. ಅಳತೆಗೋಲು ಹೇಳಿತು:
ಒಂದು ಗೇಣು.
ಒಂದು ಗೇಣು! ಎಂದು ನಕ್ಕೆವು, ಆರ್ವಿಡ್ ನಗಲಿಲ್ಲ.
ಬೆಕ್ಕಿನ ಬೆನ್ನ ಮೇಲೆ ಅವನ ಕೈ ಹಾಗೇ ಇತ್ತು.

ಶನಿವಾರ ತಿದ್ದಲು ಕೂತೆ.
ನಿಕ್ ಏಳನೆಯದಕ್ಕೆ ಬರೆದದ್ದು:
ದೋಣಿ ಹತ್ತು, ಹರಿವು ಎರಡು. ಆದರೂ ಕಾಯುವುದು ಮೇಲು.
ಪೂರ್ತಿ ಅಂಕ.
ಮರಿಲೂ ಹಾಳೆಗೆ ಕಾಫಿಯ ಕಲೆ, ಅಕ್ಷರ ಗುಡ್ಡದ ತಿರುವಿನಂತೆ ಓಲಿ
ಹಂತ ಹಂತವಾಗಿ ಎಲ್ಲ ಸರಿ, ಕೊನೆಯಲ್ಲಿ
ಹರಿವಿನ ವೇಗ: ಋಣ ಎರಡು.
ಪಕ್ಕದಲ್ಲಿ ಸಣ್ಣದಾಗಿ,
ಯಾಕೆಂದರೆ ಅದು ನಮಗೆ ಎದುರಾಗಿತ್ತು.

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಒಂದು ಅಂಕ ಕಳೆದೆ.