ಏಳನೆಯ ಗೆರೆ

ಕ್ಯೂತಾಹ್ಯದ ಕೋಟೆಗುಡ್ಡದ ಕೆಳಗೆ, ಬಿಲ್ಲೆ ಸುಡುವವರ ಓಣಿಯಲ್ಲಿ,
ನನ್ನ ಅರ್ಧ ವಯಸ್ಸಿನ ಶೆಹನಾಜ್ ನನಗೆ ಗುರು.
ಇಪ್ಪತ್ತಾರು ವರ್ಷ ಲಾರಿಯ ಸ್ಟೇರಿಂಗ್ ತಿರುಗಿಸಿದ ಕೈ ಇದು,
ಸೊಂಟ ಕೈಕೊಟ್ಟ ಮೇಲೆ ಕುಂಚ ಹಿಡಿದಿದೆ.

'ಹೂ ಯಾವಾಗ?' ಎಂದೆ ಮೊದಲ ದಿನವೇ.
'ಗೆರೆ ಬಂದ ಮೇಲೆ.'
'ಗೆರೆ ಯಾವಾಗ?'
ಅವಳು ಚಹಾದ ಲೋಟಕ್ಕೆ ಸಕ್ಕರೆ ಹಾಕಿ
ಬಹಳ ಹೊತ್ತು ಕದಡಿದಳು.

ಕತ್ತೆಯ ಕುತ್ತಿಗೆಗೂದಲಿನ ಕುಂಚ.
ಕತ್ತೆಗೇನು ಗೊತ್ತು ಕಸ್ತೂರಿ ಎಂದವರಾರೋ,
ಇದನ್ನೊಮ್ಮೆ ಹಿಡಿದು ನೋಡಬೇಕಿತ್ತು.
ತುದಿಯಲ್ಲಿ ಮೂರೇ ಮೂರು ಎಳೆ;
ಹೊಟ್ಟೆತುಂಬ ಬಣ್ಣ ಕುಡಿದು
ಜಿಪುಣ ಸಾಹುಕಾರನಂತೆ ಎಣಿಸೆಣಿಸಿ ಕೊಡುತ್ತದೆ.
ಒತ್ತಿದರೆ ಒದೆಯುತ್ತದೆ.

ಅಂಗೈಗಿಂತ ತುಸು ದೊಡ್ಡ ಸುಣ್ಣಬಿಳಿಯ ಬಿಲ್ಲೆ.
ಮೇಲಿನಿಂದ ಕೆಳಕ್ಕೆ ನಲವತ್ತು ಗೆರೆ,
ನಡುವೆ ಒಂದು ಗೋಧಿಕಾಳಿನಷ್ಟು ಜಾಗ.
ಉಸಿರು ಎಳೆದು, ಹಿಡಿದು, ಗೆರೆ.
ಬಿಟ್ಟು, ಮತ್ತೆ ಎಳೆದು, ಹಿಡಿದು, ಗೆರೆ.
ಸಂಜೆ ಒದ್ದೆ ಸ್ಪಂಜಿನಿಂದ ನಾನೇ ಒರೆಸಬೇಕು,
ಉಜ್ಜುಕಾಗದದಿಂದ ನಾನೇ ತಿಕ್ಕಬೇಕು.
ಎಷ್ಟು ತಿಕ್ಕಿದರೂ ನಿನ್ನೆಯದೊಂದು ಬೂದು ನೆರಳು
ಬಿಲ್ಲೆಯೊಳಗೆ ಉಳಿದೇ ಉಳಿಯುತ್ತದೆ.
ಬಾಲ್ದಿಯ ಮಸಿನೀರು ಬಾಗಿಲ ಬಳಿಯ ಚರಂಡಿಗೆ.

ಪಕ್ಕದ ಮೇಜಿನ ಸಿದಿಕಾಗೆ ಹದಿನಾಲ್ಕು.
ಗುನುಗುತ್ತಲೇ ಟ್ಯೂಲಿಪ್ ಬಿಡಿಸುತ್ತಾಳೆ,
ಎಸಳ ತುದಿ ಗಾಳಿಗೆ ಬಾಗಿದಂತೆ ಬಾಗುತ್ತದೆ.
ಹೊಟ್ಟೆಕಿಚ್ಚಿಗೆ ಬೇರೆ ಭಟ್ಟಿ ಬೇಕಿಲ್ಲ.

ಮೂರನೆಯ ವಾರ ಗುರು ಹೇಳಿದ ಒಂದೇ ಮಾತು:
'ಕಣ್ಣು ಕುಂಚದ ಮೇಲಿರಬಾರದು, ಚಾಚಾ,
ಗೆರೆ ಹೋಗಿ ಮುಟ್ಟುವ ಕಡೆ ಇರಲಿ.'
ಅರೆ, ಇದು ನನಗೆ ಗೊತ್ತಿತ್ತಲ್ಲ!
ಎಸ್ಕಿಶೆಹಿರ್ ದಾರಿಯ ಜನವರಿಯ ಮಂಜಿನಲ್ಲಿ
ಬಾನೆಟ್ ನೋಡುತ್ತ ಓಡಿಸಿದವನುಂಟೆ?
ದೂರದ ಬಿಳಿ ಗೆರೆಯೊಂದು ತಾನೇ ಬಂದು
ಚಕ್ರದಡಿ ಸೇರುತ್ತಿತ್ತು.
ಆ ದಿನ ಹನ್ನೊಂದು ಗೆರೆ ನೆಟ್ಟಗೆ ನಿಂತವು.
ಹನ್ನೆರಡನೆಯದರಲ್ಲಿ ಹೆಮ್ಮೆ ಪಟ್ಟೆ, ಡೊಂಕಾಯಿತು.

ಆಮೇಲೆ ಎಲೆ. ಒಂದೇ ಎಲೆ, ದಿನಕ್ಕೆ ನೂರು;
ಎಡಕ್ಕೆ ಬಾಗಿದ್ದು, ಬಲಕ್ಕೆ ಬಾಗಿದ್ದು, ತಿರುಚಿಕೊಂಡದ್ದು.
ಹೊಟ್ಟೆಯಲ್ಲಿ ಒತ್ತು, ತುದಿಗೆ ಬಂದಂತೆ ಬಿಡು.
ಬಿಡುವುದೇ ಕಷ್ಟ. ಬ್ರೇಕಿನ ಹಾಗೆ.
ನೀಲಿಗೆ ನೀರು ಬೆರೆಸಿ ಒಂಬತ್ತು ಮೆಟ್ಟಿಲು;
ನನ್ನ ಐದಕ್ಕೂ ಆರಕ್ಕೂ ಇಂದಿಗೂ ಭೇದವಿಲ್ಲ.
ಬೆಳಿಗ್ಗೆ ಮಾತ್ರ, ಏನೇ ಕಲಿಯಲಿ, ಮೊದಲು ನಲವತ್ತು ಗೆರೆ.

ಅಂದು ಏಳನೆಯ ಗೆರೆಯ ನಡುವಿನಲ್ಲಿದ್ದೆ.
ಹೊರಗೆ ಏರಿನಲ್ಲಿ ಯಾರದೋ ಲೋಡ್ ಲಾರಿ
ಗೇರು ಇಳಿಸಲಾರದೆ ಗೊಗ್ಗರಿಸಿತು.
ಮೇಜಿನಡಿ ನನ್ನ ಎಡಗಾಲು
ಇಲ್ಲದ ಕ್ಲಚ್ಚನ್ನು ನೆಲದವರೆಗೆ ಒತ್ತಿಬಿಟ್ಟಿತು!
ಕೈ ಹಾರಿ, ಗೆರೆ ಪಕ್ಕದ ಮೂರನ್ನೂ ದಾಟಿತು.
ಸಿದಿಕಾ ನಕ್ಕಳು. ನಾನೂ ನಕ್ಕೆ, ತಡವಾಗಿ.

ಸ್ಪಂಜು ತರಲು ಎದ್ದು ಬರುವಷ್ಟರಲ್ಲಿ ಬಿಲ್ಲೆ ಇರಲಿಲ್ಲ.
ಶೆಹನಾಜ್ ಅದನ್ನು ಗಾಜುಹಾಲಿನಲ್ಲಿ ಅದ್ದಿದ್ದಳು;
ಗೆರೆ, ತಪ್ಪು ಎಲ್ಲ ಮುಳುಗಿ
ಹಿಟ್ಟು ಸವರಿದ ಬರೀ ಬಿಳುಪು.

ನಾಲ್ಕನೆಯ ದಿನ ಭಟ್ಟಿ ತೆರೆದಾಗ
ಮಸಿಯಂತಿದ್ದದ್ದು ನೀಲಿಯಾಗಿತ್ತು.
ಅಂಥ ನೀಲಿಯೊಳಗೆ, ಏಳನೆಯ ಸ್ಥಾನದಲ್ಲಿ,
ನನ್ನ ಎಡಗಾಲು, ಸ್ಪಷ್ಟವಾಗಿ.
ಅದರ ಹಿಂದೆ, ಇನ್ನೂ ತೆಳುವಾಗಿ,
ಒರೆಸಿದೆನೆಂದುಕೊಂಡ ವಾರಗಳು.

ಯಾಕೆ ಸುಟ್ಟೆ ಎಂದು ಕೇಳಿದೆ.
'ಒಲೆಯಲ್ಲಿ ಒಂದು ಜಾಗ ಖಾಲಿ ಇತ್ತು' ಎಂದಳು.

ಇಂದು ಬೆಳಿಗ್ಗೆ ಹೊಸ ಬಿಲ್ಲೆ, ಬೂದು ನೆರಳಿಲ್ಲದ್ದು.
ಮೇಜಿನಡಿ ಒಂದು ಇಟ್ಟಿಗೆ ಇಟ್ಟಿದ್ದಾಳೆ,
ಎಡಗಾಲಿಗೆ, ತುಳಿದುಕೊಂಡಿರಲು.
ಉಸಿರು ಎಳೆದೆ. ಹಿಡಿದೆ.