ತೆಳು

ಲಿಂಕನ್ನಿನ ಕೋರ್ಟಿನಲ್ಲಿ ವಕೀಲ ಕ್ರೇಕ್
ಜಾರಿದ ಕನ್ನಡಕವನ್ನು ಮೂಗಿಗೇರಿಸಿ ಅಂದ:
'ತಪ್ಪನ್ನು ಎಕ್ಸ್‌ಟೆನ್ಯುಯೇಟ್ ಮಾಡುವ ಸಂಗತಿಗಳಿವೆ, ಮಹಾಸ್ವಾಮಿ.'
ಕಟಕಟೆಯಲ್ಲಿದ್ದ ನನ್ನ ತಮ್ಮ ಈನಕ್
ಅದ್ಯಾವ ಕಾಯಿಲೆಯೋ ತನಗೆ ಎಂಬಂತೆ
ನನ್ನತ್ತ ನೋಡಿದ.

ಮೂವತ್ತೊಂದು ವರ್ಷ ಲ್ಯಾಟಿನ್ ಕಲಿಸಿದ್ದೇನೆ ನಾನು.
ಈ ಪದವನ್ನು ಕಪ್ಪುಹಲಗೆಯ ಮೇಲೆ
ಎಷ್ಟು ಸಲ ಎರಡಾಗಿ ಸಿಗಿದಿಲ್ಲ.
ಎಕ್ಸ್ ಎಂದರೆ ಹೊರಕ್ಕೆ, ಟೆನುಯಿಸ್ ಎಂದರೆ ತೆಳ್ಳಗಿನದು.
ಲಟ್ಟಣಿಗೆ ಹಿಟ್ಟಿಗೆ ಮಾಡುವುದನ್ನೇ
ವಕೀಲ ತಪ್ಪಿಗೆ ಮಾಡುತ್ತಾನೆ, ಹುಡುಗಿಯರೇ,
ಎಂದರೆ ಅವರು ನಗುತ್ತಿದ್ದರು.

ಕ್ರೇಕ್ ಲಟ್ಟಿಸುತ್ತಾ ಹೋದ.
ರಾತ್ರಿಪಾಳಿಗೆ ಇಬ್ಬರಿರಬೇಕಾದಲ್ಲಿ ಒಬ್ಬನೇ.
ಜೌಗಿನಿಂದೆದ್ದ ಮಂಜು, ಕೈಗೆ ಕೈ ಕಾಣದಷ್ಟು.
ಮನೆಯಲ್ಲಿ ಹೆಂಡತಿ ಡಾರ್ಕಸ್, ಕ್ಷಯ,
ಮೂರು ರಾತ್ರಿ ಅವಳ ಕೆಮ್ಮಿಗೆ ಬಟ್ಟಲು ಹಿಡಿದು
ನಾಲ್ಕನೆಯ ರಾತ್ರಿ ಕೂತಲ್ಲೇ ತೂಕಡಿಸಿದ.
ಗೇಟು ತೆರೆದೇ ಇತ್ತು.
ಗ್ರಿಮ್ಸ್‌ಬಿಯ ಮೀನಿನ ಗಾಡಿ ಹೊತ್ತಿಗೆ ಸರಿಯಾಗಿ ಬಂತು.
ಬ್ರೆಡ್ಡಿನ ಕೈಗಾಡಿ ತಳ್ಳುತ್ತಾ ಆಲ್ವಿನ್ ಗ್ಯಾಡ್ಸ್‌ಬಿಯೂ ಬಂದ,
ಹದಿಮೂರು ವರ್ಷ, ಅಣ್ಣನ ಬೂಟು.

ಹಳೇ ವೈದ್ಯರು ಈ ಪದವನ್ನು
ಸೊರಗಿದ ಮೈಗೆ ಬಳಸುತ್ತಿದ್ದರು.
ಹಾಗಾದರೆ ಎಕ್ಸ್‌ಟೆನ್ಯುಯೇಟ್ ಆದದ್ದು ಡಾರ್ಕಸ್ ಒಬ್ಬಳೇ,
ದಿಂಬಿನಲ್ಲಿ ಅವಳ ತಲೆಯ ಗುಳಿ ಕೂಡ ಮೂಡುತ್ತಿರಲಿಲ್ಲ.
ಶಾಲೆಯ ದಪ್ಪ ನಿಘಂಟು ಇನ್ನೂ ಒಂದು ಹೇಳುತ್ತದೆ:
ಗಂಗೆಯ ಸೀಮೆಯ ಹಳೆಯ ಭಾಷೆಯಲ್ಲೂ ಇದೇ ಬೇರು, ತನು;
ತೆಳ್ಳಗಿನದೆಂದು ಅರ್ಥ,
ಮೈ ಎಂದೂ ಅರ್ಥ.
ಓದಿದ ದಿನ ಚೆಂದ ಅನ್ನಿಸಿತ್ತು.
ಈಗ ಹಳಿಯ ಮೇಲೆ ಮೈಯೊಂದು ಬಿದ್ದಿದೆ,
ಸುತ್ತ ಹರಡಿದ ಬ್ರೆಡ್ಡು.

ನಮ್ಮಪ್ಪ ಬೈಬಲ್ಲುಗಳ ಅಂಚಿಗೆ ಚಿನ್ನದ ರೇಕು ಕೂರಿಸುತ್ತಿದ್ದ.
ರೇಕನ್ನು ಕಿಟಕಿಗೆ ಹಿಡಿದರೆ ಬೆಳಕು ಹಸಿರಾಗಿ ಇಳಿಯುತ್ತಿತ್ತು;
ಉಸಿರು ಬಿಡಬೇಡಿ, ಹಾರೀತು, ಅನ್ನುತ್ತಿದ್ದ.
ಬಡಿದಷ್ಟೂ ಅಗಲವಾದೀತು ಚಿನ್ನ,
ಗುಂಜಿಯಷ್ಟೂ ಹಗುರಾಗದು.
ಇದು ಕ್ರೇಕನಿಗೆ ಗೊತ್ತಿಲ್ಲ.
ಅವನು ಬಡಿಯುತ್ತಿದ್ದಾನೆ, ಈನಕನ ತಪ್ಪು ಹಬ್ಬುತ್ತಿದೆ,
ಕಂಪನಿಯ ಮೇಲೆ ಒಂದಿಷ್ಟು, ಮಂಜಿನ ಮೇಲೆ,
ಕರೆದಾಗ ಬಾರದ ಡಾಕ್ಟರನ ಮೇಲೆ.
ಅಂಚು ಸರಿದು ಸರಿದು
ಸಾಕ್ಷಿಗಳ ಬೆಂಚಿನವರೆಗೆ ಬಂತು.

ನನ್ನ ಕೈಚೀಲದಲ್ಲಿ ಅವನ ಕಾಗದವಿದೆ.
'ಅಕ್ಕ, ಎರಡು ರಾತ್ರಿ ಬಂದು ಕೂರುತ್ತೀಯಾ ಇವಳ ಹತ್ತಿರ?'
ಪರೀಕ್ಷೆಯ ವಾರ.
ಶನಿವಾರ ಬರುತ್ತೇನೆಂದು ಬರೆದೆ.
ಅಪಘಾತವಾದದ್ದು ಗುರುವಾರ.

ನನ್ನ ಸರದಿ ಬಂದಾಗ
ಅವನು ಸತ್ಯವಂತ, ಕುಡಿಯುವವನಲ್ಲ, ಅಂದೆ.
ಕಾಗದದ ಮಾತು ಯಾರೂ ಕೇಳಲಿಲ್ಲ.

ಆರು ತಿಂಗಳು. ಇನ್ನೂ ಹೆಚ್ಚಾಗಬೇಕಿತ್ತಂತೆ;
ಕ್ರೇಕ್ ಬಂದು ನನ್ನ ಕೈ ಕುಲುಕಿದ.
ಕರೆದೊಯ್ಯುವ ಮುಂಚೆ ಈನಕ್ ಕೇಳಿದ,
'ಆ ಪದಕ್ಕೆ ಏನಕ್ಕಾ ಅರ್ಥ?'
'ತೆಳ್ಳಗೆ ಮಾಡುವುದು.'
ಟೋಪಿಯನ್ನು ಬೆರಳಲ್ಲಿ ತಿರುವುತ್ತಾ ನಿಂತ.
'ಹಾಗಿದ್ದರೆ ಬೇಡವಾಗಿತ್ತು. ದಪ್ಪವಿದ್ದಾಗಲೇ ವಾಸಿ.
ತೆಳ್ಳಗಾದರೆ ಆಚೆಕಡೆಯದು ಕಾಣುತ್ತೆ.'

ಅವನಿಗೆ ಆ ಹುಡುಗ ಕಾಣುತ್ತಾನೆ.
ನನಗೆ ಬುಧವಾರದ ರಾತ್ರಿ,
ದೀಪದ ಬುಡದಲ್ಲಿ ಉತ್ತರಪತ್ರಿಕೆಗಳ ಕಟ್ಟು.
ಟೆನುಯಿಸ್ ಎಂದರೆ ದುರ್ಬಲ, ಎಂದು ಬರೆದಿದ್ದಾಳೆ ಒಬ್ಬಳು.
ಬಹಳ ಹೊತ್ತು ಯೋಚಿಸಿ
ಅರ್ಧ ಅಂಕ ಕೊಟ್ಟಿದ್ದೇನೆ.